ಮೈಸೂರು ಹೆಸರಿನ ಎರಡು ಹಡಗು

ನಮ್ಮ ಕಾಕಾ ಐಎನ್‌ಎಸ್ ಮೈಸೂರಿನ ಬಾಯ್ಲರ್ ಕೋಣೆಯಲ್ಲಿ ದುಡಿದವರು. ಇಳಕಲ್ಲಿನಿಂದ ನೌಕಾಪಡೆಗೆ ಹೋದವರು ಆಗ ಬೆರಳೆಣಿಕೆಯಷ್ಟು. ರಜೆಗೆ ಬಂದು ಕಟ್ಟೆಯ ಮೇಲೆ ಕುಳಿತರೆ ಮಗ್ಗ ಬಿಟ್ಟು ಎದ್ದು ಬಂದವರೂ ಸುತ್ತ ಕೂಡುತ್ತಿದ್ದರು.

“ಏ ತಮ್ಮಾ, ಅದನ್ನ ಮೈಸೂರಾಗ ಕಟ್ಯಾರೇನು?”

“ಇಲ್ರಿ ಅಜ್ಜಾರ. ಇಂಗ್ಲಿಷರ ಹಡಗ ಅದು. ನಾವು ಕೊಂಡು ಹೆಸರ ಇಟ್ಟೀವಿ.”

ಕಾದ ವಾಲ್ವು ತಿರುಗಿಸಲು ಅವರು ಕೈಗೆ ದಪ್ಪ ಹತ್ತಿಬಟ್ಟೆ ಸುತ್ತಿಕೊಳ್ಳುತ್ತಿದ್ದರಂತೆ. ಎಣ್ಣೆ ಹಿಡಿದು ಕಪ್ಪಾದ ಅಂಥದೊಂದು ತುಂಡು ಟ್ರಂಕಿನಲ್ಲಿ ಊರಿಗೂ ಬಂದಿತ್ತು. ಅವ್ವ ಅದನ್ನು ಎಷ್ಟು ತೊಳೆದರೂ ವಾಸನೆ ಹೋಗಲಿಲ್ಲ. ಕೊನೆಗೆ ರೊಟ್ಟಿ ಹಂಚು ಇಳಿಸಲು ಇಟ್ಟುಕೊಂಡಳು.

ಹಡಗು 1939ರಲ್ಲಿ ನ್ಯೂಕ್ಯಾಸಲ್‌ನ ವಿಕರ್ಸ್-ಆರ್ಮ್‌ಸ್ಟ್ರಾಂಗ್ಸ್‌ನಲ್ಲಿ ‘ನೈಜೀರಿಯಾ’ ಎಂಬ ಹೆಸರಿನಿಂದ ನೀರಿಗಿಳಿದದ್ದು. 1942ರಲ್ಲಿ ಇಟಲಿಯ ಜಲಾಂತರ್ಗಾಮಿಯ ಟಾರ್ಪೆಡೊ ಬಡಿದರೂ ಬದುಕಿ ಉಳಿದಿತ್ತು. 1954ರಲ್ಲಿ ಭಾರತ ಕೊಂಡಿತು. ಬರ್ಕನ್‌ಹೆಡ್‌ನ ಕ್ಯಾಮೆಲ್ ಲೇರ್ಡ್ ಕಾರ್ಖಾನೆಯಲ್ಲಿ ಸಜ್ಜಾಗಿ 1957ರ ಆಗಸ್ಟ್ 29ರಂದು ‘ಮೈಸೂರು’ ಆಯಿತು. 1971ರ ಯುದ್ಧದಲ್ಲಿ ಪಶ್ಚಿಮ ನೌಕಾದಳವನ್ನು ಮುನ್ನಡೆಸಿತು. 1985ರಲ್ಲಿ ಸೇವೆಯಿಂದ ಇಳಿಯಿತು.

ಅದೇ ಬರ್ಕನ್‌ಹೆಡ್‌ನ ಇನ್ನೊಂದು ಕತೆ ನನಗೆ ಗೊತ್ತಾದದ್ದು ಕಾಕಾ ಹೋದ ಮೇಲೆ. 1910ರಲ್ಲಿ ಅರ್ಜೆಂಟೀನಾ 12 ವಿಧ್ವಂಸಕ ನೌಕೆಗಳನ್ನು ಬ್ರಿಟನ್, ಫ್ರಾನ್ಸ್, ಜರ್ಮನಿಗಳಲ್ಲಿ ತಲಾ ನಾಲ್ಕರಂತೆ ಕಟ್ಟಿಸಲು ಹೊರಟಿತು. ಬರ್ಕನ್‌ಹೆಡ್‌ನಲ್ಲಿ ಕಟ್ಟಿದ ನಾಲ್ಕೂ 1912ರಲ್ಲಿ ಬಾಲ್ಕನ್ ಯುದ್ಧದ ಹೊತ್ತಿಗೆ ಗ್ರೀಸ್ ಪಾಲಾದವು. ಫ್ರಾನ್ಸಿನಲ್ಲಿದ್ದ ನಾಲ್ಕನ್ನು 1914ರಲ್ಲಿ ಮಹಾಯುದ್ಧ ಶುರುವಾದಾಗ ಫ್ರಾನ್ಸೇ ಇಟ್ಟುಕೊಂಡಿತು. ಬ್ಯೂನಸ್ ಐರಿಸ್ ಮುಟ್ಟಿದ್ದು ಜರ್ಮನಿಯ ನಾಲ್ಕು ಮಾತ್ರ. ಕಟ್ಟುವವನ ಮನೆಗೆ ಯುದ್ಧ ಬಂದರೆ ಕೊಳ್ಳುವವನ ಕರಾರಿಗೆ ಬೆಲೆಯಿಲ್ಲ. ನಮಗೆ ಕೊಂಡ ಹಡಗು ಕೈ ಸೇರಿತು ಎಂಬುದು ಸಣ್ಣ ಮಾತಲ್ಲ.

ಸಮುದ್ರವಿಲ್ಲದ ನಮ್ಮ ಸೀಮೆಗೂ ಹಡಗಿನ ನೆನಪುಂಟು. ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿ ರವಿಕೀರ್ತಿ ಬರೆದ 634ರ ಶಾಸನವಿದೆ. ಬಾದಾಮಿಯ ಇಮ್ಮಡಿ ಪುಲಕೇಶಿ ಮದಗಜಗಳಂಥ ನೂರಾರು ಹಡಗುಗಳೊಡನೆ ಪುರಿಗೆ ಮುತ್ತಿಗೆ ಹಾಕಿದನೆಂದು ಅದು ಹೇಳುತ್ತದೆ. ಆ ಪುರಿ ಮುಂಬಯಿ ಎದುರಿನ ಘಾರಾಪುರಿ ಎಂಬುದು ಹಲವು ವಿದ್ವಾಂಸರ ಎಣಿಕೆ. ಶಾಲೆಯಿಂದ ಐಹೊಳೆಗೆ ಹೋದಾಗ ಮಾಸ್ತರರು ಈ ಸಾಲುಗಳನ್ನು ಬೆರಳಿಟ್ಟು ತೋರಿಸಿದ್ದರು. ಕಾಕಾನ ಹಡಗು ಆಗ ಇನ್ನೂ ಸೇವೆಯಲ್ಲಿತ್ತು. ಎರಡಕ್ಕೂ ನಂಟು ಹಚ್ಚುವ ವಯಸ್ಸು ನನ್ನದಾಗಿರಲಿಲ್ಲ.

ಈಗಿನ ‘ಮೈಸೂರು’ ವಿಧ್ವಂಸಕ ನೌಕೆ. ಘಾರಾಪುರಿ ಇರುವ ಅದೇ ಮುಂಬಯಿ ಕೊಲ್ಲಿಯ ದಂಡೆಯ ಮಜಗಾಂವ್ ಡಾಕ್‌ನಲ್ಲಿ ಕಟ್ಟಿ 1993ರಲ್ಲಿ ನೀರಿಗಿಳಿಸಿದರು. 1999ರ ಜೂನ್ 2ರಂದು ನೌಕಾಪಡೆ ಸೇರಿತು. ಲಾಂಛನ ಮೈಸೂರು ಅರಸರ ಗಂಡಭೇರುಂಡ. ಅಜ್ಜನ ಪ್ರಶ್ನೆಗೆ ಇವತ್ತು ‘ನಮ್ಮಲ್ಲೇ ಕಟ್ಯಾರ’ ಎಂದು ಧೈರ್ಯವಾಗಿ ಹೇಳಬಹುದು, ಅದು ನನಗೆ ಹೆಮ್ಮೆಯೇ. ಆದರೆ ಬಾಯ್ಲರ್ ಕೋಣೆಯವರ ಮನೆಯಲ್ಲಿ ಬೆಳೆದವನಿಗೆ ಕಣ್ಣು ಮೊದಲು ಹೋಗುವುದು ಎಂಜಿನ್ನಿಗೆ. ಇದರ ಗ್ಯಾಸ್ ಟರ್ಬೈನುಗಳು ಉಕ್ರೇನಿನವು. ಆ ದೇಶ ಯುದ್ಧಕ್ಕೆ ಸಿಕ್ಕಿರುವ ಈ ಹೊತ್ತಿನಲ್ಲಿ ಅರ್ಜೆಂಟೀನಾದ ಕತೆ ನನಗೆ ಹಳೆಯದೆನಿಸುವುದಿಲ್ಲ. ಟರ್ಬೈನನ್ನೂ ಇಲ್ಲೇ ಮಾಡುವುದನ್ನು ನಾವು ಕಲಿಯಬೇಕು, ಬೇಗ ಕಲಿಯಬೇಕು.