ರಾಮದೇವರ ಬೆಟ್ಟದಲ್ಲಿ ದಯೆಯ ಪಾಠ

ಹಸಿರಿದ್ದಲ್ಲಿ ಮಾತ್ರ ಜೀವಸಂಪತ್ತು ಇರುತ್ತದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬಂಡೆಗಲ್ಲಿನ ನೆಲವನ್ನು ಬರಡೆಂದು ಬಗೆಯುವುದು ವಾಡಿಕೆ. ಇದನ್ನು ತಿದ್ದಿಕೊಳ್ಳಲು ರಾಜಾಜಿನಗರ, ವಿಜಯನಗರಗಳ ಸದ್ಭಕ್ತರು ಬಹುದೂರ ಹೋಗಬೇಕಾಗಿಲ್ಲ. ಕೆಂಗೇರಿಯನ್ನು ದಾಟಿ ಮೈಸೂರು ರಸ್ತೆಯಲ್ಲಿ ಸಾಗಿದರೆ, ಬಿಡದಿಯ ಆಚೆ ರಾಮನಗರದ ಬಳಿ ರಾಮದೇವರ ಬೆಟ್ಟವಿದೆ. ಕಳೆದ ಮಾಘಮಾಸದಲ್ಲಿ ಬಸವೇಶ್ವರನಗರದ ಕೆಲವು ಕುಟುಂಬಗಳೊಡನೆ ನಾವು ಅಲ್ಲಿಗೆ ಹೋಗಿದ್ದೆವು.

ಅಲ್ಲಿಯ ಶಿಲೆ ಸುಮಾರು 250 ಕೋಟಿ ವರ್ಷಗಳಷ್ಟು ಪುರಾತನವಾದುದು. ರಾಮನಗರಕ್ಕೆ ಹಿಂದೆ ಇದ್ದ ಹೆಸರಿನಿಂದಲೇ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುತ್ತಾರೆ. ಬಿಸಿಲು ಮಳೆಗಳಿಗೆ ಸವೆದು ದುಂಡಾದ ಗುಂಡುಗಳು, ಕಡಿದಾದ ಬಂಡೆಗಳು, ಸಂದಿಗೊಂದಿಗಳಲ್ಲಿ ಕುರುಚಲು ಗಿಡಗಳು. 1975ರಲ್ಲಿ ತೆರೆಕಂಡ ‘ಶೋಲೆ’ ಚಿತ್ರದಲ್ಲಿ ಈ ಬಂಡೆಗಳನ್ನು ಅನೇಕರು ನೋಡಿದ್ದಾರೆ. ಕರಡಿ, ಚಿರತೆಗಳಿಗೂ, ಅಪರೂಪದ ಹಳದಿ ಕತ್ತಿನ ಪಿಕಳಾರಕ್ಕೂ ಇದು ನೆಲೆ.

ಕಡಿದಾದ ಬಂಡೆಯೊಂದರ ಮೇಲೆ ಸುಣ್ಣ ಸುರಿದಂತೆ ಬಿಳಿಯ ಗೆರೆಗಳಿದ್ದವು. ಅವು ರಣಹದ್ದುಗಳ ಹಿಕ್ಕೆಯ ಗುರುತುಗಳು. ಉದ್ದ ಕೊಕ್ಕಿನ ರಣಹದ್ದು ಇಂತಹ ಕಡಿದಾದ ಬಂಡೆಗಳ ಮೇಲೆ ಗೂಡುಕಟ್ಟಿ, ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ. ಇವುಗಳ ರಕ್ಷಣೆಗಾಗಿ 2012ರಲ್ಲಿ ಸರ್ಕಾರವು ಸುಮಾರು 346 ಹೆಕ್ಟೇರ್ ಪ್ರದೇಶವನ್ನು ಧಾಮವೆಂದು ಘೋಷಿಸಿತು. ಬಹಳ ಹೊತ್ತು ಕಾದ ಮೇಲೆ ಒಂದೇ ಒಂದು ಹದ್ದು ರೆಕ್ಕೆ ಬಡಿಯದೆ ಆಕಾಶದಲ್ಲಿ ತೇಲಿಹೋಯಿತು.

“ಹೆಣ ತಿನ್ನುವ ಹಕ್ಕಿಗೂ ಇಷ್ಟೊಂದು ಕಾಪೇ, ಗುರುಗಳೇ?” ಎಂದು ಹಿರಿಯ ತಾಯಿಯೊಬ್ಬರು ಕೇಳಿದರು.

“ಊರು ಕೊಳೆಯದಂತೆ ಕಾಯುವುದೇ ಅದರ ಕಾಯಕ, ತಾಯಿ. ಕಾಯಕದಲ್ಲಿ ಮೇಲುಕೀಳುಂಟೇ?” ಎಂದೆವು.

ಈ ಪಕ್ಷಿಗಳು ಅಳಿದ ಬಗೆಯಂತೂ ಮನಕಲಕುವಂಥದು. ದನಗಳ ನೋವು, ಬಾವು ನೀಗಲೆಂದು ಡೈಕ್ಲೋಫೆನಾಕ್ ಎಂಬ ಔಷಧಿಯನ್ನು ಕೊಡುತ್ತಿದ್ದರು. ಔಷಧಿ ಪಡೆದ ಕೆಲವೇ ದಿನಗಳಲ್ಲಿ ದನವು ಸತ್ತರೆ, ಅದರ ಮಾಂಸ ತಿಂದ ರಣಹದ್ದು ಮೂತ್ರಪಿಂಡ ಕೆಟ್ಟು ಸಾಯುತ್ತಿತ್ತು. 1990ರ ದಶಕದಿಂದ ಕೆಲವೇ ವರ್ಷಗಳಲ್ಲಿ ಭಾರತದ ಉದ್ದ ಕೊಕ್ಕಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ನಾಶವಾದವು. ಕಾರಣವನ್ನು ವಿಜ್ಞಾನಿಗಳು ಪ್ರಕಟಿಸಿದ್ದು 2004ರಲ್ಲಿ. 2006ರಲ್ಲಿ ಪಶುಗಳಿಗೆ ಈ ಔಷಧಿಯ ಬಳಕೆಯನ್ನು ನಿಷೇಧಿಸಲಾಯಿತು. 2023ರಲ್ಲಿ ಕೀಟೋಪ್ರೋಫೆನ್, ಅಸಿಕ್ಲೋಫೆನಾಕ್‌ಗಳನ್ನೂ ಪಶುಚಿಕಿತ್ಸೆಯಿಂದ ದೂರವಿಡಲಾಯಿತು.

ಇಲ್ಲಿ ಕೊಂದದ್ದು ಕ್ರೌರ್ಯವಲ್ಲ. ಹಸುವಿನ ಮೇಲಿನ ಕರುಣೆಯೇ ಹದ್ದಿಗೆ ವಿಷವಾಯಿತು. ದಯೆಯನ್ನು ಧರ್ಮದ ಬೇರೆಂದು ಬಗೆದ ಶರಣರು ಅರಿವಿಗೂ ಅಷ್ಟೇ ಮಹತ್ವವಿತ್ತರು. ಅರಿವಿಲ್ಲದ ದಯೆ ಒಂದು ಜೀವವನ್ನು ಉಳಿಸಹೋಗಿ ಮತ್ತೊಂದನ್ನು ಅಳಿಸೀತು.

ಊರಿನ ಮನೆಗಳಲ್ಲಿ ಇಂದಿಗೂ ದನಕರು ಸಾಕುತ್ತಿರುವ ನಮ್ಮ ಬಂಧುಗಳು ಅನೇಕರಿದ್ದಾರೆ. ಹಸುವಿಗೆ ಸೂಜಿಮದ್ದು ಹಾಕಿಸುವಾಗ ಅದರ ಹೆಸರನ್ನು ವೈದ್ಯರಲ್ಲಿ ವಿಚಾರಿಸಿರಿ. ರಣಹದ್ದಿಗೆ ಹಾನಿಯಿಲ್ಲದ ಮೆಲಾಕ್ಸಿಕಮ್ ಎಂಬ ನೋವುನಿವಾರಕ ದೊರೆಯುತ್ತದೆ. ಅದು ಒದಗುವುದೇ ಎಂದು ಕೇಳಿರಿ. ಬೆಟ್ಟಕ್ಕೆ ಹೋದವರು ಗದ್ದಲ ಮಾಡದೆ, ಕಸ ಬಿಸುಡದೆ ಮರಳಿರಿ. ಸಕಲ ಜೀವಾತ್ಮರಿಗೆ ಲೇಸನ್ನು ಬಯಸುವವರು ಆ ಲೇಸು ಯಾವುದೆಂಬುದನ್ನೂ ವಿಚಾರಿಸಿ ತಿಳಿಯಬೇಕು.