ಮೊದಲು ಅರ್ಥಿಂಗ್, ಆಮೇಲೆ ಸನ್‌ರೂಫ್

ಈಗಷ್ಟೇ ಎಲೆಕ್ಟ್ರಿಷಿಯನ್ ಬಂದು ಹೋದ್ರು. ಎಲೆಕ್ಟ್ರಿಕ್ ಕಾರಿನ ಚಾರ್ಜರ್ ಎಲ್ಲಿ ಹಾಕೋದು ಅಂತ ಕೇಳಿದ್ರೆ ಅವರು ಸೀದಾ ಹೋಗಿ ನೋಡಿದ್ದು ಅಂಗಳದ ಮೂಲೆಯ ಅರ್ಥಿಂಗ್ ಗುಂಡಿ. ಒಣಗಿ ಬಿರುಕು ಬಿಟ್ಟಿತ್ತು. "ಸರ್, ಇದಕ್ಕೆ ನೀರು ಹಾಕಿ ಎಷ್ಟು ದಿನ ಆಯ್ತು?" ಅಂದ್ರು. ನಾಳೆ ಉಪ್ಪು, ಇದ್ದಿಲು ಹಾಕಿ ಹೊಸದಾಗಿ ಮಾಡ್ತಾರೆ.

ಆಗ ಅನ್ನಿಸಿದ್ದು: ಸನ್‌ರೂಫ್ ಬೇಕಾ, ದೊಡ್ಡ ಸ್ಕ್ರೀನ್ ಬೇಕಾ ಅಂತ ಮನೆಮಂದಿಯೆಲ್ಲ ವಾರಗಟ್ಟಲೆ ಮಾತಾಡಿದ್ವಿ. ದಿನಾ ಕೆಲಸಕ್ಕೆ ಬರೋದು ಮಾತ್ರ ಅರ್ಥಿಂಗ್, ಬೆಸ್ಕಾಂ ಮಂಜೂರು ಮಾಡಿದ ಲೋಡ್, ಒಳ್ಳೆ 16 ಆಂಪ್ ಸಾಕೆಟ್.

ಚನ್ನಗಿರಿಯಿಂದ ದಾವಣಗೆರೆಗೆ ಹೋಗಿ ಬಂದ್ರೆ ಸುಮಾರು 120 ಕಿ.ಮೀ. 24 ಯೂನಿಟ್‌ನ ಸಣ್ಣ ಬ್ಯಾಟರಿಗೂ ಅದು ಆಗುತ್ತೆ. ರಾತ್ರಿ ಹತ್ತಕ್ಕೆ 3.3 ಕಿಲೋವ್ಯಾಟ್ ಚಾರ್ಜರ್ ಸಿಕ್ಕಿಸಿದ್ರೆ ಬೆಳಗ್ಗೆ ಹಾಲಿನವರು ಬರೋ ಹೊತ್ತಿಗೆ ಹೆಚ್ಚುಕಡಿಮೆ ಫುಲ್. ರಾತ್ರಿಯಿಡೀ ಮನೇಲೇ ನಿಲ್ಲೋ ಕಾರಿಗೆ 7.2 ಕಿಲೋವ್ಯಾಟ್ ಅಷ್ಟು ಅಗತ್ಯ ಅಂತ ನನಗನ್ನಿಸಲ್ಲ.

ಹೊನ್ನಾಳಿ, ನ್ಯಾಮತಿ, ಜಗಳೂರಿನ ಗೆಳೆಯರೇ, ನೀವು ಯಾವ ಚಾರ್ಜರ್ ಹಾಕಿಸಿದ್ದೀರಿ? ರಾತ್ರಿ ವೋಲ್ಟೇಜ್ ಸರಿಯಾಗಿ ಬರುತ್ತಾ? ದಯವಿಟ್ಟು ತಿಳಿಸಿ. ಕಾರು ಬುಕ್ ಮಾಡೋ ಮುಂಚೆ ಒಮ್ಮೆ ನಿಮ್ಮನೆ ಅರ್ಥಿಂಗ್ ಗುಂಡಿಗೂ ಒಂದು ಕೊಡ ನೀರು ಹಾಕಿ.