ಶಿವೇಚ್ಛೆಯೋ, ನಮ್ಮ ಇಚ್ಛೆಯೋ?

ಮಾನವನು ಸ್ವತಂತ್ರನೋ ಪರತಂತ್ರನೋ ಎಂಬ ಪ್ರಶ್ನೆ ಬಹು ಹಳೆಯದು. ಪಂಡಿತರು ಇದನ್ನು ಗ್ರಂಥಗಳಲ್ಲಿ ಚರ್ಚಿಸಿದ್ದಾರೆ. ಸಾಮಾನ್ಯರಾದ ನಾವು ಇದನ್ನು ಮನೆಯ ಜಗಲಿಯ ಮೇಲೆ, ಮದುವೆಯ ಮಾತುಕತೆಯಲ್ಲಿ, ಮಗನು ಊರು ಬಿಟ್ಟು ಹೊರಡುವ ಮುಂಜಾನೆಯಲ್ಲಿ ಎದುರಿಸುತ್ತೇವೆ. ಎಲ್ಲವೂ ಶಿವನ ಇಚ್ಛೆಯಂತೆಯೇ ನಡೆಯುವುದಾದರೆ ನನ್ನ ಇಚ್ಛೆಗೆ ಬೆಲೆಯೇನು? ನನ್ನ ಇಚ್ಛೆಯಂತೆ ನಡೆಯುವುದಾದರೆ ಶರಣಾಗತಿಗೆ ಅರ್ಥವೇನು? ಈ ಕುರಿತು ಶಾಸ್ತ್ರಾರ್ಥ ಮಾಡುವ ಅಧಿಕಾರ ನನಗಿಲ್ಲ. ನನ್ನ ಬಾಳಿನಲ್ಲಿ ನಡೆದ, ನಾನೇ ತಪ್ಪಿದ ಒಂದು ಸಂಗತಿಯನ್ನು ಸದ್ಭಕ್ತರಲ್ಲಿ ನಿವೇದಿಸಿಕೊಳ್ಳುವುದಷ್ಟೇ ಈ ಬರಹದ ಉದ್ದೇಶ.

ನಮ್ಮದು ನೆಲಮಂಗಲ ತಾಲ್ಲೂಕಿನ ತ್ಯಾಮಗೊಂಡ್ಲು. ಅಲ್ಲಿಯ ಪೇಟೆಬೀದಿಯಲ್ಲಿ ತಂದೆಯವರದೊಂದು ಚಿಕ್ಕ ದಿನಸಿ ಅಂಗಡಿ ಇತ್ತು. ಪ್ರಾತಃಕಾಲದಲ್ಲಿ ಲಿಂಗಪೂಜೆ ಮುಗಿಸಿ, ವಿಭೂತಿ ಧರಿಸಿ, ಅಂಗಡಿಯ ಬಾಗಿಲು ತೆರೆಯುವ ಮೊದಲು ಪಡುವಣಕ್ಕೆ ತಿರುಗಿ ಶಿವಗಂಗೆಯ ಬೆಟ್ಟದ ಕಡೆ ಕೈಮುಗಿಯುವುದು ಅವರ ನಿತ್ಯದ ಪದ್ಧತಿ. ತಕ್ಕಡಿಯಲ್ಲಿ ನಾಲ್ಕು ಕಾಳು ಹೆಚ್ಚಾದರೆ ಅದು ಗಿರಾಕಿಗೇ ಸೇರಲಿ ಎನ್ನುವ ಸ್ವಭಾವದವರು. ಮಳೆ ಬಂದರೂ ಬಾರದಿದ್ದರೂ, ಸಾಲ ತೀರಿದರೂ ತೀರದಿದ್ದರೂ ಅವರ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು: 'ಶಿವನ ಇಚ್ಛೆ.'

ನಾನು 1966ರಲ್ಲಿ ಸಿದ್ಧಗಂಗೆಯ ವಿದ್ಯಾರ್ಥಿನಿಲಯಕ್ಕೆ ಸೇರಿದೆ. ಮಠದ ಅನ್ನ ಉಂಡು, ಸಂಜೆಯ ಸಾಮೂಹಿಕ ಪ್ರಾರ್ಥನೆಯಲ್ಲಿ ಕುಳಿತು ಬೆಳೆದವನು ನಾನು. ಓದು ಮುಗಿದು 1974ರಲ್ಲಿ ರಾಯಚೂರು ಸೀಮೆಯ ಒಂದು ಪ್ರೌಢಶಾಲೆಯಲ್ಲಿ ಉಪಾಧ್ಯಾಯನ ಕೆಲಸ ದೊರೆತಾಗ ತಂದೆಯವರು, "ಅಂಗಡಿ ಇದೆ, ಊರಿದೆ. ಇಲ್ಲೇ ಇರುವುದು ಶಿವನ ಇಚ್ಛೆ ಎಂದು ತಿಳಿ" ಎಂದರು. ನಾನು, "ಶಿವನು ನನಗೂ ಒಂದು ಬುದ್ಧಿ ಕೊಟ್ಟಿದ್ದಾನೆ" ಎಂದು ಹೇಳಿ ಹೊರಟೇಬಿಟ್ಟೆ. ಅವರು ಬಹಳ ನೊಂದರು, ಆದರೆ ತಡೆಯಲಿಲ್ಲ. ಅಂದು ನಾನು ಮಾಡಿದ್ದು ತಪ್ಪೆಂದು ಇಂದಿಗೂ ನನಗೆ ಅನಿಸುವುದಿಲ್ಲ. ನನ್ನ ತಪ್ಪು ನಡೆದದ್ದು ಐದು ವರ್ಷಗಳ ಅನಂತರ.

ನನ್ನ ತಂಗಿ 1979ರಲ್ಲಿ ಎಸ್.ಎಸ್.ಎಲ್.ಸಿ. ತೇರ್ಗಡೆಯಾದಳು. ತುಮಕೂರಿಗೆ ಹೋಗಿ ಶಿಕ್ಷಕರ ತರಬೇತಿ ಪಡೆಯಬೇಕು, ತಾನೂ ಅಣ್ಣನಂತೆ ಪಾಠ ಹೇಳಬೇಕು ಎಂಬುದು ಅವಳ ಆಸೆ. ಅದೇ ವೇಳೆಗೆ ಒಂದು ಸಂಬಂಧ ಕೂಡಿಬಂತು. ಒಳ್ಳೆಯ ಮನೆತನ, ನೀರಾವರಿ ಜಮೀನು. ತಂದೆಯವರು ಮಾತು ಕೊಟ್ಟರು. ತಂಗಿ ನನಗೆ ಕಾಗದ ಬರೆದಳು: "ಅಣ್ಣಯ್ಯ, ನೀನು ಒಂದು ಮಾತು ಹೇಳಿದರೆ ಅಪ್ಪ ಕೇಳುತ್ತಾರೆ. ಎರಡೇ ವರ್ಷ ಸಾಕು."

ನಾನು ಆ ಕಾಗದವನ್ನು ಎರಡು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ತಂದೆಯವರನ್ನು ಮತ್ತೊಮ್ಮೆ ಎದುರು ಹಾಕಿಕೊಳ್ಳುವ ಧೈರ್ಯವಿರಲಿಲ್ಲ. ಅವಳ ಓದಿಗೆ ತಿಂಗಳು ತಿಂಗಳು ಹಣ ಕಳುಹಿಸಬೇಕಾದೀತೆಂಬ ಲೆಕ್ಕವೂ ಮನಸ್ಸಿನಲ್ಲಿ ಇತ್ತು. ಆಗತಾನೆ ನನ್ನ ಸಂಸಾರ ಆರಂಭವಾಗಿತ್ತು. ಮೂರನೆಯ ದಿನ ಒಂದು ಇನ್‌ಲ್ಯಾಂಡ್ ಪತ್ರದಲ್ಲಿ ಬರೆದೆ: "ತಾಯಿ, ಇದು ಶಿವನ ಇಚ್ಛೆ. ಪ್ರಸಾದವೆಂದು ಸ್ವೀಕರಿಸು." ನನಗಾಗಿ ನಾನು ಒಪ್ಪದೆ ಬಿಟ್ಟುಬಂದಿದ್ದ ಮಾತನ್ನೇ ಅವಳಿಗೆ ಉಪದೇಶವಾಗಿ ಕಳುಹಿಸಿದೆ! ಅವಳು ಮರುಮಾತಾಡದೆ ಮದುವೆಯಾದಳು.

ಅನಂತರ ಎಷ್ಟೋ ವರ್ಷ ಮಕ್ಕಳಿಗೆ ಬಸವಣ್ಣನವರ ಚರಿತ್ರೆಯನ್ನು ಪಾಠ ಮಾಡಿದೆ. ಬಾಲಕ ಬಸವಣ್ಣನವರಿಗೆ ಉಪನಯನ ಮಾಡಲು ಹಿರಿಯರು ಸಿದ್ಧರಾದಾಗ, ಅಕ್ಕ ನಾಗಮ್ಮನಿಗೆ ಇಲ್ಲದ ಸಂಸ್ಕಾರ ತನಗೇಕೆ ಎಂದು ಕೇಳಿ ಮನೆಯನ್ನೇ ತೊರೆದು ಕೂಡಲಸಂಗಮಕ್ಕೆ ನಡೆದರೆಂಬ ಕಥೆ ನಮ್ಮಲ್ಲಿ ಮನೆಮಾತು. ಒಂದು ದಿನ ತರಗತಿಯಲ್ಲಿ ಇದನ್ನು ಹೇಳುತ್ತಿದ್ದಾಗ ನನ್ನ ನಾಲಗೆ ತಡೆಯಿತು. ಹಿರಿಯರು ದೈವವಿಧಿಯೆಂದು ಹೇಳಿದ್ದನ್ನು ಅವರೂ ನಿರಾಕರಿಸಿದ್ದರು, ನಾನೂ ನಿರಾಕರಿಸಿದ್ದೆ. ಆದರೆ ಅವರು ಹೊರಡುವಾಗ ಅಕ್ಕನನ್ನು ನೆನೆದರು. ನಾನು ನನ್ನ ದಾರಿ ನೋಡಿಕೊಂಡು, ತಂಗಿಯ ದಾರಿಗೆ ಶಿವನ ಹೆಸರಿನ ಬಾಗಿಲು ಹಾಕಿದೆ. ಸ್ವಾತಂತ್ರ್ಯಕ್ಕೂ ಸ್ವಾರ್ಥಕ್ಕೂ ಇರುವ ಅಂತರ ಇದಲ್ಲದೆ ಬೇರೇನು?

ಹಾಗಾದರೆ ದೈವೇಚ್ಛೆಗೆ ತಲೆಬಾಗುವುದೇ ತಪ್ಪೆ? ಖಂಡಿತ ಅಲ್ಲ. ಪೂಜ್ಯ ಶ್ರೀ ಶಿವಕುಮಾರ ಮಹಾಸ್ವಾಮಿಗಳವರ ಜೀವನವನ್ನು ಕಣ್ಣಾರೆ ಕಂಡ ನಾವು ಹಾಗೆ ಹೇಳಲಾರೆವು. 1907ರ ಏಪ್ರಿಲ್ 1ರಂದು ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ ಜನಿಸಿದ ಶಿವಣ್ಣ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದುತ್ತಿದ್ದ ತರುಣ. ಮಠದ ಉತ್ತರಾಧಿಕಾರಿಗಳಾಗಬೇಕಿದ್ದ ಶ್ರೀ ಮರುಳಾರಾಧ್ಯರು 1930ರಲ್ಲಿ ಲಿಂಗೈಕ್ಯರಾದಾಗ, ಶ್ರೀ ಉದ್ಧಾನ ಶಿವಯೋಗಿಗಳವರ ದೃಷ್ಟಿ ಅಲ್ಲಿಗೆ ಬಂದಿದ್ದ ಈ ವಿದ್ಯಾರ್ಥಿಯ ಮೇಲೆ ನಿಂತಿತು. ಅದೇ ವರ್ಷ ಮಾರ್ಚ್ 3ರಂದು ಅವರು ವಿರಕ್ತಾಶ್ರಮವನ್ನು ಸ್ವೀಕರಿಸಿದರು; 1941ರಲ್ಲಿ ಮಠದ ಸಂಪೂರ್ಣ ಹೊಣೆ ಅವರ ಮೇಲೆ ಬಂತು. ಮನೆ, ಮದುವೆ, ಉದ್ಯೋಗ ಎಲ್ಲವನ್ನೂ ಒಂದು ಕರೆಗೆ ಒಪ್ಪಿಸಿದ ಆ ವಿಧೇಯತೆಯನ್ನು ಪಾರತಂತ್ರ್ಯವೆಂದು ಯಾರು ಕರೆದಾರು?

ಆದರೆ ಗಮನಿಸಬೇಕಾದ ಒಂದು ಅಂಶವಿದೆ. ಅವರು ಅರ್ಪಿಸಿದ್ದು ತಮ್ಮ ಬಾಳನ್ನು. ಹೊತ್ತ ಭಾರವೂ ತಮ್ಮದೇ. ಆ ಅರ್ಪಣೆಯಿಂದ ನನ್ನಂಥ ಸಾವಿರಾರು ಬಡ ಮಕ್ಕಳಿಗೆ ಜಾತಿಮತದ ಭೇದವಿಲ್ಲದೆ ಅನ್ನ ದೊರೆಯಿತು, ಅಕ್ಷರ ದೊರೆಯಿತು, ನಮ್ಮ ದಾರಿಯನ್ನು ನಾವೇ ಆರಿಸಿಕೊಳ್ಳುವ ಶಕ್ತಿ ದೊರೆಯಿತು. ನಿಜವಾದ ಶರಣಾಗತಿಯ ಲಕ್ಷಣ ಇದೇ ಇರಬೇಕೆಂದು ನನ್ನ ಅಲ್ಪಮತಿಗೆ ತೋರುತ್ತದೆ: ಅದು ತನ್ನನ್ನು ಕಟ್ಟಿಕೊಳ್ಳುತ್ತದೆ, ಇತರರನ್ನು ಬಿಡಿಸುತ್ತದೆ. ನಾನು ಮಾಡಿದ್ದು ಇದರ ವಿಪರೀತ. ನನ್ನನ್ನು ಬಿಡಿಸಿಕೊಂಡು ತಂಗಿಯನ್ನು ಕಟ್ಟಿಹಾಕಿದೆ.

2019ರ ಜನವರಿ 21ರಂದು ಶ್ರೀಗಳವರು ತಮ್ಮ 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದರು. ಮಠದ ಮಕ್ಕಳ ಮಧ್ಯಾಹ್ನದ ಪ್ರಸಾದ ಮುಗಿದ ಮೇಲೆಯೇ ಆ ಸುದ್ದಿ ಪ್ರಕಟವಾಯಿತೆಂದು ಕೇಳಿ ಕಣ್ಣು ತುಂಬಿ ಬಂತು. ಮರುದಿನ ನಾನೂ ತಂಗಿಯೂ ಅಂತಿಮ ದರ್ಶನಕ್ಕೆ ಹೋದೆವು. ಜನಸಾಗರದಲ್ಲಿ ಗಂಟೆಗಟ್ಟಲೆ ನಿಂತು ದರ್ಶನ ಮುಗಿಸಿ, ಕ್ಯಾತಸಂದ್ರದ ರಸ್ತೆಯ ಬದಿಯಲ್ಲಿ ಬಸ್ಸಿಗಾಗಿ ಕುಳಿತಿದ್ದಾಗ ನಾಲ್ವತ್ತು ವರ್ಷ ನುಂಗಿಕೊಂಡಿದ್ದ ಮಾತನ್ನು ಕೇಳಿದೆ: "ಆ ಕಾಗದ ನೆನಪಿದೆಯೇನಮ್ಮ?"

"ಪೆಟ್ಟಿಗೆಯಲ್ಲಿ ಇನ್ನೂ ಇದೆ" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಣ್ಣಯ್ಯ, ನೀನು ಶಿವನ ಇಚ್ಛೆ ಅಂತ ಬರೆದಿದ್ದೆ. ಆದರೆ ಕೈಬರಹ ನಿನ್ನದೇ ಇತ್ತು" ಎಂದಳು.

ಅವಳ ದನಿಯಲ್ಲಿ ಕೋಪವಿರಲಿಲ್ಲ. ಆಗಲೇ ಅವಳು ಮುಂದುವರಿಸಿದಳು: "ನನ್ನ ಮನೆ ಕೆಟ್ಟದ್ದಾಗಲಿಲ್ಲ. ಮಕ್ಕಳನ್ನು ಓದಿಸಿದೆ. ಹಾಗಂತ ಅಂದು ಆದದ್ದು ಸರಿಯಾಯಿತು ಅಂತ ನೀನು ತಿಳಿಯಬೇಡ. ದಿನಾ ಬೆಳಿಗ್ಗೆ ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕೂತಾಗ ನಾನೂ ಶಿವನನ್ನು ಕೇಳಬಲ್ಲವಳಾಗಿದ್ದೆ. ಕೇಳಿಕೊಳ್ಳಲು ನನಗೆ ಯಾರೂ ಬಿಡಲಿಲ್ಲ, ಅಷ್ಟೆ."

ನಾನು ತಲೆ ತಗ್ಗಿಸಿದೆ. ನಮ್ಮ ಧರ್ಮದ ತಿರುಳನ್ನೇ ಅವಳು ಹೇಳಿದ್ದಳು. ನಮ್ಮಲ್ಲಿ ಇಷ್ಟಲಿಂಗ ಹೆಣ್ಣಿಗೂ ಗಂಡಿಗೂ ಸಮಾನ. ಅದು ಅವರವರ ಅಂಗದ ಮೇಲೆ ಇರುತ್ತದೆ, ಪೂಜೆ ನಡೆಯುವುದು ಅವರವರ ಅಂಗೈಯಲ್ಲಿ. ಅಣ್ಣನು ತಂಗಿಗಾಗಿ, ತಂದೆಯು ಮಗಳಿಗಾಗಿ ಮಾಡಬಹುದಾದ ಪೂಜೆಯಲ್ಲ ಅದು. ಹೀಗಿರುವಾಗ ಅವಳ ಬಾಳಿನಲ್ಲಿ ಶಿವನ ಇಚ್ಛೆ ಇಂಥದೆಂದು ಹೇಳಲು ನಾನು ಯಾರು? ಪ್ರಸಾದವೆಂದರೂ ಮೊದಲು ಅರ್ಪಿಸಿ ಆಮೇಲೆ ಪಡೆಯುವ ವಸ್ತು. ನನ್ನದಲ್ಲದ ಅವಳ ಆಸೆಯನ್ನು ನಾನು ಅರ್ಪಿಸಿ, ಪ್ರಸಾದವೆಂದು ಅವಳಿಗೇ ಬಡಿಸಿದ್ದೆ. ಅದು ದೋಷವಲ್ಲದೆ ಭಕ್ತಿಯಾಗದು.

ಶಿವಗಂಗೆಯ ಬೆಟ್ಟ ಮೂಡಣದಿಂದ ನೋಡಿದರೆ ನಂದಿಯಂತೆ, ಪಡುವಣದಿಂದ ಗಣಪತಿಯಂತೆ, ತೆಂಕಣದಿಂದ ಲಿಂಗದಂತೆ, ಬಡಗಣದಿಂದ ಹೆಡೆಯೆತ್ತಿದ ಸರ್ಪದಂತೆ ಕಾಣುವುದೆಂದು ಹಿರಿಯರು ಹೇಳುತ್ತಾರೆ. ಬೆಟ್ಟ ಒಂದೇ, ಆದರೆ ನಿಂತ ನೆಲದಂತೆ ಅದರ ರೂಪ ಬೇರೆ. ಮೂಡಣಕ್ಕಿರುವ ನಮ್ಮ ತ್ಯಾಮಗೊಂಡ್ಲಿನಲ್ಲಿ ನಿಂತು ನಂದಿಯನ್ನು ಕಂಡು ಕೈಮುಗಿದ ತಂದೆಯವರ ಭಕ್ತಿಯಲ್ಲಿ ಕೊರತೆಯಿರಲಿಲ್ಲ. ಆದರೆ ಬೇರೆ ಕಡೆ ನಿಂತವರ ಕಣ್ಣಿಗೂ ನಂದಿಯೇ ಕಾಣಬೇಕೆಂದು ಹಟ ಹಿಡಿಯುವುದು ಬೆಟ್ಟಕ್ಕೆ ಸಲ್ಲಿಸುವ ಗೌರವವಲ್ಲ.

ಕಳೆದ ಬಾರಿ ತಂಗಿಯ ಮೊಮ್ಮಗಳು ದೂರದ ಊರಿಗೆ ಓದಲು ಹೋಗುವ ಮಾತು ಬಂದಾಗ ಮನೆಯವರು ಹಿಂದೆಮುಂದೆ ನೋಡಿ, ಹಿರಿಯನೆಂದು ನನ್ನನ್ನು ಕೇಳಿದರು. ನಾಲಗೆಯ ತುದಿಗೆ ಹಳೆಯ ಮಾತು ಬಂತು. ಅದನ್ನು ತಡೆದು, "ಮಗುವನ್ನು ಕೇಳಿದಿರಾ?" ಎಂದೆ. ಒಳಗಿನಿಂದ ತಂಗಿ ನನ್ನತ್ತ ಒಮ್ಮೆ ನೋಡಿದಳು.

ಸದ್ಭಕ್ತರೇ, ನಮ್ಮ ಪಾಲಿಗೆ ಬಂದ ಕಷ್ಟವನ್ನು ಶಿವೇಚ್ಛೆಯೆಂದು ನಾವು ಸಹಿಸೋಣ, ಅದು ತಪಸ್ಸು. ಇತರರ ಪಾಲಿಗೆ ಕಷ್ಟವನ್ನು ಹಂಚುವಾಗ ಮಾತ್ರ ಆ ಪವಿತ್ರವಾದ ಮಾತನ್ನು ಬಳಸದಿರೋಣ. ನನ್ನ ಇಚ್ಛೆಯನ್ನು ನನ್ನದೆಂದೇ ಒಪ್ಪಿಕೊಳ್ಳುವ ಪ್ರಾಮಾಣಿಕತೆಯನ್ನು ಆ ಪರಶಿವನು ಇನ್ನುಳಿದ ದಿನಗಳಲ್ಲಿಯಾದರೂ ನನಗೆ ಕರುಣಿಸಲಿ.